ಸಿಹಿ ತಿಂದ ಮೇಲೂ ರಕ್ತದ ಸಕ್ಕರೆ ಇಳಿಯುವುದುಂಟೇ?

ಪ್ರಶ್ನೆ: ನನಗೆ ಮಧುಮೇಹವಿಲ್ಲ. ಬೆಳಿಗ್ಗೆ 8 ಗಂಟೆಗೆ ಎರಡು ಬನ್ಸ್ ತಿಂದು, ಸಿಹಿ ಚಹಾ ಕುಡಿದು ಕೆಲಸಕ್ಕೆ ಹೋದರೆ ಹತ್ತೂವರೆಯ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತೇನೆ, ಎದೆ ಹೊಡೆದುಕೊಳ್ಳುತ್ತದೆ. ಸಿಹಿ ತಿಂದವರಿಗೆ ಸಕ್ಕರೆ ಕಡಿಮೆಯಾಗುವುದುಂಟೇ?
– ಓದುಗರು, ಮಂಗಳೂರು

ಉತ್ತರ: ಉಂಟು. ಮೈದಾ, ಬಾಳೆಹಣ್ಣು, ಸಕ್ಕರೆ ಕಲಸಿ ಮಾಡಿದ ಬನ್ಸ್ ಮತ್ತು ಸಿಹಿ ಚಹಾ ಹೊಟ್ಟೆ ಸೇರಿದಾಗ ರಕ್ತದಲ್ಲಿ ಗ್ಲೂಕೋಸ್ ಬೇಗನೆ ಏರುತ್ತದೆ. ಅದನ್ನು ತಗ್ಗಿಸಲು ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಸ್ರವಿಸುತ್ತದೆ. ಕೆಲವರಲ್ಲಿ ಈ ಇನ್ಸುಲಿನ್ ಅಗತ್ಯಕ್ಕಿಂತ ಹೆಚ್ಚಾಗಿ ಅಥವಾ ತಡವಾಗಿ ಬಂದು, ತಿಂದದ್ದು ಕರಗಿದ ಮೇಲೂ ಕೆಲಸ ಮಾಡುತ್ತಲೇ ಇರುವುದರಿಂದ, ಸಾಮಾನ್ಯವಾಗಿ 4 ಗಂಟೆಗಳ ಒಳಗೆ ಸಕ್ಕರೆ ಕುಸಿಯುತ್ತದೆ. ವೈದ್ಯರು ಇದನ್ನು ರಿಯಾಕ್ಟಿವ್ ಹೈಪೋಗ್ಲೈಸೀಮಿಯಾ ಎನ್ನುತ್ತಾರೆ. ನಿಮ್ಮ ನಡುಕ, ಬೆವರು, ಎದೆಬಡಿತಗಳು ದೇಹ ಆಗ ಬಿಡುಗಡೆ ಮಾಡುವ ಅಡ್ರಿನಲಿನ್‌ನ ಲಕ್ಷಣಗಳು.

ಆದರೆ ಇದೇ ಲಕ್ಷಣಗಳಿರುವ ಅನೇಕರಲ್ಲಿ ಅಳೆದು ನೋಡಿದರೆ ಸಕ್ಕರೆ ಸರಿಯಾಗಿಯೇ ಇರುತ್ತದೆ. ಆದ್ದರಿಂದ ನಡುಕ ಬಂದ ಹೊತ್ತಿನಲ್ಲಿಯೇ, ಏನನ್ನೂ ತಿನ್ನುವ ಮೊದಲು, ಗ್ಲೂಕೋಮೀಟರ್‌ನಿಂದ ಪರೀಕ್ಷಿಸಿಕೊಳ್ಳುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಅದಕ್ಕೂ ಮುನ್ನ ಸಾಬೂನಿನಿಂದ ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಬೇಕು. ಬೆರಳಿಗೆ ಅಂಟಿದ ಸಿಹಿಯ ಲೇಶವೂ ಅಂಕಿಯನ್ನು ಸುಳ್ಳಾಗಿ ಏರಿಸಬಲ್ಲದು. ಮಧುಮೇಹವಿಲ್ಲದವರಲ್ಲಿ ರಕ್ತದ ಸಕ್ಕರೆ ಡೆಸಿಲೀಟರಿಗೆ 55 ಮಿಲಿಗ್ರಾಂಗಿಂತ ಕಡಿಮೆಯಿದ್ದು, ಸಿಹಿ ಸೇವಿಸಿದ ಮೇಲೆ ಲಕ್ಷಣಗಳು ಮಾಯವಾದರೆ ಸಂಶಯ ಬಲವಾಗುತ್ತದೆ. ಆ ದಾಖಲೆಯೊಂದಿಗೆ ವೈದ್ಯರನ್ನು ಕಾಣಿರಿ.

ತತ್ಕ್ಷಣದ ಶಮನಕ್ಕೆ 15 ಗ್ರಾಂ, ಅಂದರೆ ಸುಮಾರು ಮೂರು ಚಮಚ ಸಕ್ಕರೆ ಸಾಕು. ನಮ್ಮ ಊರಿನಲ್ಲಿ ಬಂದವರಿಗೆ ಕೊಡುವ ಬೆಲ್ಲ-ನೀರೂ ಆಗುತ್ತದೆ. 15 ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಸುಧಾರಿಸಿತೆಂದು ಅಲ್ಲಿಗೇ ಬಿಟ್ಟರೆ, ಅಥವಾ ಇನ್ನೊಂದು ಸಿಹಿಚಹಾ ಕುಡಿದರೆ, ಅದೇ ಏರಿಳಿತ ಮರುಕಳಿಸುತ್ತದೆ. ಒಂದು ಹಿಡಿ ನೆಲಗಡಲೆಯನ್ನೋ ಬೇಯಿಸಿದ ಮೊಟ್ಟೆಯನ್ನೋ ತಿನ್ನಿರಿ.

ಮರುದಿನದಿಂದ ಖಾಲಿ ಹೊಟ್ಟೆಗೆ ಸಿಹಿ ಬೇಡ. ಬನ್ಸ್ ಬಿಡಲೇಬೇಕೆಂದಿಲ್ಲ, ಒಂದನ್ನು ಮಾತ್ರ ತೆಗೆದುಕೊಂಡು, ಜೊತೆಗೆ ಕಡಲೆ ಉಸಳಿಯನ್ನೋ ಹೆಸರುಕಾಳನ್ನೋ ತಿಂದು, ಚಹಾಕ್ಕೆ ಸಕ್ಕರೆ ಹಾಕಬೇಡಿ. ಪ್ರೋಟೀನು ಮತ್ತು ನಾರಿನಂಶ ಗ್ಲೂಕೋಸಿನ ಏರಿಕೆಯನ್ನು ನಿಧಾನಗೊಳಿಸುತ್ತವೆ. ಕೃಷ್ಣಾಷ್ಟಮಿಯಂದು ಹಗಲಿಡೀ ಉಪವಾಸವಿದ್ದು, ರಾತ್ರಿ ಅರ್ಘ್ಯದ ನಂತರ ಬರಿಯ ಉಂಡೆಗಳಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರಿಗೂ ಇದೇ ಮಾತು.

ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಮತ್ತು ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸ್ವತಃ ಉಪಚಾರ ಮಾಡಿಕೊಂಡು ಸುಮ್ಮನಿರಬಾರದು, ವೈದ್ಯರಿಗೆ ತಿಳಿಸಲೇಬೇಕು. ಮಧುಮೇಹಿಗಳಿಗೆ ಎಚ್ಚರಿಕೆಯ ಗಡಿ 70 ಮಿಲಿಗ್ರಾಂ. ಅಕಾರ್ಬೋಸ್ ಎಂಬ ಮಧುಮೇಹದ ಮಾತ್ರೆ ಸೇವಿಸುವವರಿಗೆ ಸಕ್ಕರೆ, ಬೆಲ್ಲ ಬೇಗ ಫಲಿಸುವುದಿಲ್ಲವಾದ್ದರಿಂದ ಗ್ಲೂಕೋಸ್ ಪುಡಿಯನ್ನೇ ಇಟ್ಟುಕೊಳ್ಳಬೇಕು. ಯಾರಾದರೂ ಪ್ರಜ್ಞೆ ತಪ್ಪಿದರೆ ಬಾಯಿಗೆ ಬೆಲ್ಲದ ನೀರನ್ನಾಗಲಿ ಮತ್ತೇನನ್ನಾಗಲಿ ಹಾಕದೆ, ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿರಿ.