ಮೊದಲು ಸೂರು, ಆಮೇಲೆ ಷೋಕೇಸು

ಮಡಿಕೇರಿ ಕೋಟೆಯೊಳಗೆ ಒಂದು ಹಳೇ ಚರ್ಚಿದೆ. 1855ರಲ್ಲಿ ಬ್ರಿಟಿಷರು ಅಲ್ಲಿದ್ದ ವೀರಭದ್ರ ದೇವಸ್ಥಾನ ತೆಗೆಸಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು. ಈಗ ಅದು ಸರ್ಕಾರಿ ಮ್ಯೂಸಿಯಂ. ಬಂದವರು ಜೈನ ವಿಗ್ರಹ, ಹಳೇ ಆಯುಧ ನೋಡಿಕೊಂಡು ಹೋಗುತ್ತಾರೆ. ನಾನು ಹೋದಾಗಲೆಲ್ಲ ಮೊದಲು ತಲೆ ಎತ್ತಿ ಚಾವಣಿ ನೋಡುತ್ತೇನೆ. ಹಳೇ ವಸ್ತುಗಳನ್ನು ಕಾಪಾಡುವುದು ನನ್ನ ಕೆಲಸ. ಇಂಥ ಊರಲ್ಲಿ ಆ ಕೆಲಸ ಶುರುವಾಗುವುದೇ ಸೂರಿನಿಂದ.

ಕೊಡಗಿನಲ್ಲಿ ಹಳೇ ಕಟ್ಟಡಗಳು ಹಲವು ಜನ್ಮ ಎತ್ತಿವೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಆರ್‌ಟಿಒ ಕಚೇರಿಯಾಗಿತ್ತು, 2021ರ ಫೆಬ್ರವರಿಯಲ್ಲಿ ಮ್ಯೂಸಿಯಂ ಆಗಿ ತೆರೆಯಿತು. ಆದರೆ ಮನೆಯನ್ನಾಗಲಿ ಚರ್ಚನ್ನಾಗಲಿ ಕಟ್ಟಿದವರು ಮುಂದೆ ಇಲ್ಲಿ ಬಟ್ಟೆ, ಕಾಗದ, ಕತ್ತಿ ಇಡುತ್ತಾರೆ ಅಂತ ಅಂದುಕೊಂಡಿರಲಿಲ್ಲ ಅಲ್ವಾ? ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಗಾಳಿಯ ತೇವ ಶೇಕಡಾ 65–70 ದಾಟಿ ಹಾಗೇ ನಿಂತರೆ ಬಟ್ಟೆಗೂ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ಮುಂಗಾರಿನಲ್ಲಿ ಅಲ್ಲಿ ಅದು ದಿನದ ಮಾತು.

ಮನೆಯನ್ನೇ ಮ್ಯೂಸಿಯಂ ಮಾಡಿದ ಒಂದು ಚಿಕ್ಕ ಜಾಗಕ್ಕೆ ಒಮ್ಮೆ ಕರೆದಿದ್ದರು. ಅಲ್ಲೊಂದು ಪೀಚೆಕತ್ತಿ, ಕೊಡವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಿಕ್ಕ ಕತ್ತಿ. ಅಲಗಿನ ಮೇಲೆ ತುಕ್ಕು, ಆ ತುಕ್ಕಿನಲ್ಲಿ ಒಂದು ಹೆಬ್ಬೆರಳಿನ ಗುರುತು, ಗೆರೆಗೆರೆಯಾಗಿ. ಯಾರೋ ಅತಿಥಿಗೆ ತೋರಿಸಲು ಬರಿಗೈಯಲ್ಲಿ ಹೊರಗೆ ತೆಗೆದು ಹಾಗೇ ಇಟ್ಟಿದ್ದರು. ಬೆವರಿನ ಉಪ್ಪು, ಮಳೆಗಾಲದ ತೇವ, ಎರಡೂ ಸೇರಿ ಬೆರಳನ್ನು ಉಕ್ಕಿನ ಮೇಲೆ ಅಚ್ಚು ಹಾಕಿದ್ದವು. ಇಂಥದ್ದನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹುಳಿ ಉಕ್ಕನ್ನು ತಿನ್ನುತ್ತದೆ, ತಿಕ್ಕಿದಷ್ಟೂ ಹಿಡಿಯ ಬೆಳ್ಳಿ ಕೆತ್ತನೆ ಸವೆಯುತ್ತದೆ. ನಾನು ಬಿದಿರು ಕಡ್ಡಿಯಿಂದ ತುಕ್ಕನ್ನು ಮೆಲ್ಲಗೆ ಬಿಡಿಸಿ, ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ತೆಳುವಾಗಿ ಮೇಣ ಹಚ್ಚಿದೆ.

ಕೊಡವರ ಮನೆಗಳಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಬಂದಾಗ ಕತ್ತಿ, ಕೋವಿ ಎಲ್ಲ ಹೊರಗೆ ಬರುತ್ತವೆ. ಒರೆಸಿ, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತಾರೆ. ಹಬ್ಬ ಬೀಳುವುದು ಸೆಪ್ಟೆಂಬರಿನಲ್ಲಿ, ಜೋರು ಮಳೆ ಇಳಿಯುವ ಹೊತ್ತಿಗೆ. ನನ್ನ ಕಣ್ಣಿಗೆ ಇದಕ್ಕಿಂತ ಒಳ್ಳೇ ತಪಾಸಣೆಯ ದಿನ ಇನ್ನೊಂದಿಲ್ಲ. ಮನೆಯಲ್ಲಿದ್ದಾಗ ವರ್ಷಕ್ಕೊಮ್ಮೆ ಕೈ ಕಾಣುತ್ತಿದ್ದ ಕತ್ತಿ ಮ್ಯೂಸಿಯಂ ಸೇರಿದ ಮೇಲೆ ಗಾಜಿನೊಳಗೆ ಹತ್ತು ವರ್ಷ ಸುಮ್ನೆ ಕೂರುತ್ತದೆ. ಅದು ನನಗೆ ಬಹಳ ಬೇಸರದ ವಿಷಯ.

ಆ ಪೀಚೆಕತ್ತಿಯ ಷೋಕೇಸನ್ನು ಸರಿಸಿ ನೋಡಿದೆ. ಹಿಂದಿನ ಗೋಡೆ ಸೊಂಟದೆತ್ತರಕ್ಕೆ ಒದ್ದೆ. ಹಳೇ ಸುಣ್ಣದ ಗಾರೆ ಕಿತ್ತು ‘ಗಟ್ಟಿಯಾಗಿರಲಿ’ ಅಂತ ಸಿಮೆಂಟ್ ಮೆತ್ತಿದ್ದರು. ನೆಲದ ನೀರು ಗೋಡೆಯಲ್ಲಿ ಮೇಲಕ್ಕೆ ಏರುತ್ತದೆ. ಗಾರೆಯಾದರೆ ಆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ. ಸಿಮೆಂಟ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ದಾರಿ ಸಿಗದ ನೀರು ಇನ್ನೂ ಮೇಲೇರುತ್ತದೆ, ಅದು ಹೊತ್ತು ತಂದ ಉಪ್ಪು ಗೋಡೆಯಲ್ಲಿ ಉಳಿದು ಉದುರುತ್ತದೆ. ಹೊರಗೆ ಹೋಗಿ ನೋಡಿದರೆ ಸೂರಿನ ದೋಣಿಯಲ್ಲಿ ಎಲೆ ತುಂಬಿ, ನೀರೆಲ್ಲ ಅದೇ ಗೋಡೆಯ ಬುಡಕ್ಕೆ ಸುರಿಯುತ್ತಿತ್ತು. ಅವರು ಕೇಳಿದ್ದು ಹೊಸ ಷೋಕೇಸಿಗೆ ಎಷ್ಟಾಗುತ್ತದೆ ಅಂತ. ನಾನು ಹೇಳಿದ್ದು ಏಣಿ ತನ್ನಿ ಅಂತ.

ದೋಣಿಯ ಎಲೆ ತೆಗೆದರು. ಸಿಮೆಂಟ್ ಕಿತ್ತು ಮತ್ತೆ ಸುಣ್ಣದ ಗಾರೆ ಹಾಕಿದರು. ಷೋಕೇಸು ಗೋಡೆಯಿಂದ ಒಂದು ಗೇಣು ಮುಂದೆ ಬಂತು. ಒದ್ದೆ ಎಲ್ಲಿವರೆಗೆ ಇದೆಯೋ ಅಲ್ಲಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ ಎಂದಿದ್ದೆ. ಮುಂದಿನ ಮಳೆಗಾಲ ಕಳೆದು ಹೋದಾಗ ಅಲ್ಲಿ ಕೆಲಸಕ್ಕಿದ್ದ ಹುಡುಗಿ ಟಾರ್ಚ್ ಹಿಡಿದು ಗೋಡೆ ತೋರಿಸಿದಳು. ಒಂದರ ಕೆಳಗೊಂದು ಮೂರು ಗೆರೆ. ಕೊನೆಯದು ಮಂಡಿಗಿಂತ ಕೆಳಗಿತ್ತು.