ರೆಡ್ ಸ್ಟೇಟ್ ಡೆಮಾಕ್ರಾಟ್ ಅಂದರೆ ಯಾರು?

ಅಮೆರಿಕದ ಚುನಾವಣೆ ಫಲಿತಾಂಶದ ದಿನ ಟೀವಿಯಲ್ಲಿ ಒಂದು ನಕ್ಷೆ ತೋರಿಸುತ್ತಾರಲ್ಲ, ಅದರಲ್ಲಿ ಕೆಂಪು ಎಂದರೆ ರಿಪಬ್ಲಿಕನ್ ಪಕ್ಷ, ನೀಲಿ ಎಂದರೆ ಡೆಮಾಕ್ರಟಿಕ್ ಪಕ್ಷ. ನಮಗೆ ಕೆಂಪು ಕಂಡರೆ ಕಮ್ಯುನಿಸ್ಟರ ಬಾವುಟ ನೆನಪಾಗುತ್ತದೆ. ಅಲ್ಲಿ ಅದು ಸಂಪ್ರದಾಯಸ್ಥರ ಬಣ್ಣ. ಇದೇನು ಹಳೇ ಪದ್ಧತಿಯಲ್ಲ. 2000ನೇ ಇಸವಿಯಲ್ಲಿ ಬುಷ್ ಮತ್ತು ಗೋರ್ ನಡುವಿನ ಎಣಿಕೆ ವಾರಗಟ್ಟಲೆ ಎಳೆದಾಡಿತು. ಅಷ್ಟೂ ದಿನ ಅದೇ ನಕ್ಷೆ ನೋಡಿ ನೋಡಿ ಬಣ್ಣಗಳು ಜನರ ಬಾಯಿಗೆ ಬಂದವು. ಅದಕ್ಕೂ ಮೊದಲು ಒಂದೊಂದು ಚಾನೆಲ್ಲಿನದು ಒಂದೊಂದು ಬಣ್ಣ.

ಚುನಾವಣೆ ಮೇಲೆ ಚುನಾವಣೆ ರಿಪಬ್ಲಿಕನ್ನರೇ ಗೆಲ್ಲುವ ರಾಜ್ಯ ‘ರೆಡ್ ಸ್ಟೇಟ್’. ಅಂಥ ರಾಜ್ಯದಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ನಿಲ್ಲುವವರು, ಆ ಪಕ್ಷಕ್ಕಾಗಿ ಮನೆ ಮನೆ ತಿರುಗುವವರು ‘ರೆಡ್ ಸ್ಟೇಟ್ ಡೆಮಾಕ್ರಾಟ್’. ಪತ್ರಿಕೆಗಳು ಈ ಮಾತನ್ನು ಹೆಚ್ಚಾಗಿ ಗೆದ್ದು ಹೆಸರು ಮಾಡಿದವರಿಗೆ ಬಳಸುತ್ತವೆ. ಮೊಂಟಾನಾದ ಸೆನೆಟರ್ (ಸಂಸತ್ತಿನ ಮೇಲ್ಮನೆಯ ಸದಸ್ಯ) ಆಗಿದ್ದ ಜಾನ್ ಟೆಸ್ಟರ್, ಕೆಂಟಕಿಯ ಗವರ್ನರ್ (ಅಲ್ಲಿ ಇವರು ಜನರೇ ಆರಿಸುವವರು, ನಮ್ಮ ಮುಖ್ಯಮಂತ್ರಿಯ ಹಾಗೆ) ಆಂಡಿ ಬೆಶಿಯರ್, ಕ್ಯಾನ್ಸಸ್‌ನ ಲಾರಾ ಕೆಲ್ಲಿ, ಇಂಥವರಿಗೆ. ಆದರೆ ಇವರೆಲ್ಲ ಎಲ್ಲೋ ಒಬ್ಬೊಬ್ಬರು. ಈ ಪದದ ಬಿಸಿ ತಟ್ಟುವುದು ಗೆಲ್ಲದವರ ಕಡೆ ನೋಡಿದಾಗ. ಅದಕ್ಕೆ ಯೂಟಾ ರಾಜ್ಯವನ್ನು ತೆಗೆದುಕೊಳ್ಳೋಣ.

ಯೂಟಾದಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಕೊನೆಯ ಸಲ ಗೆದ್ದದ್ದು 1964ರಲ್ಲಿ. ಆಗ ನಿಂತಿದ್ದವರು ಲಿಂಡನ್ ಜಾನ್ಸನ್. ಪಕ್ಷದ ಕೊನೆಯ ಸೆನೆಟರ್ ಫ್ರಾಂಕ್ ಮಾಸ್ 1976ರಲ್ಲಿ ಸೋತರು. ಕೊನೆಯ ಗವರ್ನರ್ ಸ್ಕಾಟ್ ಮ್ಯಾಥೆಸನ್ 1985ರಲ್ಲಿ ಕುರ್ಚಿ ಬಿಟ್ಟರು. ಹಾಗಂತ ಮತವೇ ಇಲ್ಲ ಎನ್ನುವ ಹಾಗಿಲ್ಲ. 2024ರಲ್ಲಿ ಕಮಲಾ ಹ್ಯಾರಿಸ್‌ಗೆ ಇಲ್ಲಿ ಸುಮಾರು ಶೇ. 38 ಮತ ಬಿತ್ತು. ಅಷ್ಟು ಮತ ಇಟ್ಟುಕೊಂಡೂ ರಾಜ್ಯದ ಕೆಳಮನೆಯ 75 ಸ್ಥಾನಗಳಲ್ಲಿ ಪಕ್ಷಕ್ಕೆ ಆ ವರ್ಷ ಸಿಕ್ಕಿದ್ದು 14. ಮಸೂದೆಯೊಂದನ್ನು ಗವರ್ನರ್ ವೀಟೋ ಹಾಕಿ ತಡೆದರೆ ಆ ವೀಟೋ ತಳ್ಳಿಹಾಕಲು ಮೂರನೇ ಎರಡರಷ್ಟು, ಅಂದರೆ 50 ಮತ ಬೇಕು. ರಿಪಬ್ಲಿಕನ್ನರ ಹತ್ತಿರ 61 ಇವೆ. ಹನ್ನೊಂದು ಜನ ಮನೆಯಲ್ಲೇ ಕೂತರೂ ಕೆಲಸ ನಡೆಯುತ್ತದೆ. ಇನ್ನು ವಿರೋಧ ಪಕ್ಷದ ಮಾತು ಯಾರು ಕೇಳುತ್ತಾರೆ?

ಧರ್ಮದ ವಿಷಯ ಬಿಟ್ಟು ಯೂಟಾ ಬಗ್ಗೆ ಮಾತಾಡಲಿಕ್ಕೆ ಆಗುವುದಿಲ್ಲ. ಮಾರ್ಮನ್ನರು ಎಂದು ನಾವು ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಚರ್ಚಿನ ಮುಖ್ಯ ಕಚೇರಿ ಇರುವುದೇ ಸಾಲ್ಟ್ ಲೇಕ್ ಸಿಟಿಯಲ್ಲಿ. ಚರ್ಚು ಯಾವ ಪಕ್ಷದ ಪರವೂ ಅಲ್ಲ ಎಂದು ಅದರ ಹಿರಿಯರು ಹೇಳುತ್ತಲೇ ಬಂದಿದ್ದಾರೆ. 2023ರಲ್ಲಂತೂ, ಅಭ್ಯರ್ಥಿ ಯಾರೆಂದು ನೋಡದೆ ಬರೀ ಪಕ್ಷ ನೋಡಿ, ರೂಢಿಯ ಮೇಲೆ ಮತ ಹಾಕುವುದು ಪ್ರಜಾಪ್ರಭುತ್ವಕ್ಕೇ ಅಪಾಯ ಎಂದು ಪತ್ರ ಬರೆದರು. ಆದರೆ ಗರ್ಭಪಾತ, ಕುಟುಂಬ ಇಂಥ ವಿಷಯಗಳಲ್ಲಿ ಆ ಚರ್ಚಿನ ಬಹಳಷ್ಟು ಜನ ದಶಕಗಳ ಹಿಂದೆಯೇ ರಿಪಬ್ಲಿಕನ್ ಕಡೆ ವಾಲಿಯಾಗಿತ್ತು. ಅದೇ ಚರ್ಚಿನ ಡೆಮಾಕ್ರಾಟರೂ ಇದ್ದಾರೆ. ಅವರ ಪಾಡು ಇನ್ನೊಂದು ಥರ. ಭಾನುವಾರ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡುವ ಅಕ್ಕಪಕ್ಕದ ಮನೆಯವರ ಹತ್ತಿರವೇ ಸೋಮವಾರ ಮತ ಕೇಳಬೇಕು, ಬೇರೆ ಪಕ್ಷಕ್ಕೆ.

ಮುಖ್ಯವಾದ ಕಷ್ಟ ಇರುವುದು ಪ್ರೈಮರಿಯಲ್ಲಿ.

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂದು ಹೈಕಮಾಂಡ್ ತೀರ್ಮಾನ ಮಾಡುತ್ತದೆ, ಬಿ ಫಾರಂ ಕೊಡುತ್ತದೆ, ಮುಗಿಯಿತು. ಅಮೆರಿಕದಲ್ಲಿ ಟಿಕೆಟ್ಟಿಗೂ ಒಂದು ಚುನಾವಣೆ. ಅದು ಪ್ರೈಮರಿ. ಅದರಲ್ಲಿ ಮತ ಹಾಕುವವರು ಜನರೇ. ಯೂಟಾದಲ್ಲಿ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಜೊತೆ ನಿಮ್ಮ ಪಕ್ಷವೂ ದಾಖಲಾಗುತ್ತದೆ. ಯಾವ ಪಕ್ಷವೂ ಬೇಡ ಎಂದರೆ ಹಾಗೂ ಇರಬಹುದು. ರಿಪಬ್ಲಿಕನ್ ಪ್ರೈಮರಿಯಲ್ಲಿ ಮತ ಹಾಕಬೇಕಾದರೆ ರಿಪಬ್ಲಿಕನ್ ಎಂದೇ ಹೆಸರು ಬರೆಸಿರಬೇಕು. ಇದಕ್ಕೆ ‘ಕ್ಲೋಸ್ಡ್ ಪ್ರೈಮರಿ’ ಎನ್ನುತ್ತಾರೆ. ಡೆಮಾಕ್ರಾಟರು ತಮ್ಮ ಪ್ರೈಮರಿಯನ್ನು ಯಾವ ಪಕ್ಷಕ್ಕೂ ಸೇರದವರಿಗೂ ತೆರೆದಿಟ್ಟಿದ್ದಾರೆ.

ಈಗ ಸಾಲ್ಟ್ ಲೇಕ್ ಸಿಟಿಯ ಒಬ್ಬ ಡೆಮಾಕ್ರಾಟ್ ಮತದಾರನ ಜಾಗದಲ್ಲಿ ನಿಂತು ನೋಡಿ. ನವೆಂಬರಿನಲ್ಲಿ ಗವರ್ನರ್ ಚುನಾವಣೆ. ರಿಪಬ್ಲಿಕನ್ ಗೆಲ್ಲುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಯಾವ ರಿಪಬ್ಲಿಕನ್ ಎನ್ನುವುದು ಜೂನ್ ತಿಂಗಳ ಪ್ರೈಮರಿಯಲ್ಲೇ ಗೊತ್ತಾಗಿಬಿಡುತ್ತದೆ. ಆ ದಿನ ನೀವು ಹೊರಗೆ. ಹಾಗಾದರೆ ನಿಮ್ಮ ಮತ ಲೆಕ್ಕಕ್ಕೆ ಬರುವ ದಿನ ಯಾವುದು?

2020ರಲ್ಲಿ ಈ ಪ್ರಶ್ನೆಗೆ ಬಹಳ ಜನ ತಮ್ಮದೇ ಉತ್ತರ ಕಂಡುಕೊಂಡರು. ರಿಪಬ್ಲಿಕನ್ ಪ್ರೈಮರಿಯಲ್ಲಿ ನಾಲ್ಕು ಜನ ನಿಂತಿದ್ದರು. ಜಿದ್ದಾಜಿದ್ದಿ ಇದ್ದದ್ದು ಲೆಫ್ಟಿನೆಂಟ್ ಗವರ್ನರ್ (ಗವರ್ನರ್ ನಂತರದ ಸ್ಥಾನ) ಸ್ಪೆನ್ಸರ್ ಕಾಕ್ಸ್ ಮತ್ತು ಹಿಂದೆ ಗವರ್ನರ್ ಆಗಿದ್ದ ಜಾನ್ ಹಂಟ್ಸ್‌ಮನ್ ನಡುವೆ. ಡೆಮಾಕ್ರಾಟರು, ಯಾವ ಪಕ್ಷಕ್ಕೂ ಸೇರದವರು, ಸಾವಿರಗಟ್ಟಲೆ ಜನ ರಿಪಬ್ಲಿಕನ್ ಎಂದು ಹೆಸರು ಬದಲಿಸಿಕೊಂಡು ಮತ ಹಾಕಿದರು. ಕಾಕ್ಸ್ ಗೆದ್ದರು. ಅಂತರ ಆರು ಸಾವಿರ ಚಿಲ್ಲರೆ. ಆ ಅಂತರ ನೋಡಿ ರಿಪಬ್ಲಿಕನ್ ಶಾಸಕರಿಗೆ ಕಿವಿ ನೆಟ್ಟಗಾಯಿತು. 2021ರಲ್ಲಿ ಕಾನೂನು ತಂದು, ಚುನಾವಣೆ ವರ್ಷದಲ್ಲಿ ಮಾರ್ಚ್ 31 ದಾಟಿದ ಮೇಲೆ ಪ್ರೈಮರಿಗೋಸ್ಕರ ಪಕ್ಷ ಬದಲಿಸುವ ದಾರಿ ಮುಚ್ಚಿದರು. ಅಷ್ಟು ಮುಂಚೆ ಕಣದಲ್ಲಿ ಯಾರಿರುತ್ತಾರೆ ಎಂದು ಎಷ್ಟು ಜನರಿಗೆ ಗೊತ್ತಿರುತ್ತದೆ?

ನನಗೆ ಇದರಲ್ಲಿ ಕುತೂಹಲ ಹುಟ್ಟಿಸುವುದು ಕಾನೂನಿಗಿಂತ ಅದರ ಹಿಂದಿನ ಲೆಕ್ಕ. ಮತದಾರನ ಮಟ್ಟಿಗೆ ಪಕ್ಷ ಬದಲಿಸುವುದು ಜಾಣತನವೇ. ಪಕ್ಷದ ಮಟ್ಟಿಗೆ ಅದು ದುಬಾರಿ. ಯಾರ ಮನೆ ಬಾಗಿಲು ತಟ್ಟಬೇಕು, ಯಾರಿಗೆ ಫೋನ್ ಮಾಡಬೇಕು ಎಂದು ಕಾರ್ಯಕರ್ತರು ನೋಡುವುದು ಆ ಪಟ್ಟಿಯನ್ನೇ. ನಿಮ್ಮವರೇ ಅಲ್ಲಿ ಹೋಗಿ ಕೂತರೆ ಪಟ್ಟಿ ಸುಳ್ಳಾಗುತ್ತದೆ. ಎದುರಾಳಿಯ ಸಂಖ್ಯೆ ಕಾಗದದ ಮೇಲೆ ಇನ್ನೂ ಜಾಸ್ತಿ ಕಾಣುತ್ತದೆ. ಅದನ್ನು ನೋಡಿ ಮುಂದಿನ ಸಲ ನಿಲ್ಲಬೇಕೆಂದಿದ್ದ ಒಳ್ಳೆ ಅಭ್ಯರ್ಥಿ ಸುಮ್ನೆ ಯಾಕೆ ಎಂದು ಹಿಂದೆ ಸರಿಯುತ್ತಾನೆ. ಕೆಂಪು ರಾಜ್ಯದ ಡೆಮಾಕ್ರಾಟರು ಹುಡುಕಿಕೊಳ್ಳುವ ಉಪಾಯಗಳೆಲ್ಲ ಹೀಗೇ. ಇವತ್ತಿನ ಚುನಾವಣೆಗೆ ಅನುಕೂಲ, ನಾಳೆಯ ಪಕ್ಷಕ್ಕೆ ನಷ್ಟ.

ಇದರ ತುತ್ತತುದಿ 2022ರಲ್ಲಿ ಬಂತು. ರಿಪಬ್ಲಿಕನ್ ಸೆನೆಟರ್ ಮೈಕ್ ಲೀ ಮತ್ತೆ ನಿಂತಿದ್ದರು. ಅವರನ್ನು ಎದುರಿಸಲು ಇವಾನ್ ಮೆಕ್‌ಮಲಿನ್ ಎನ್ನುವವರು ಪಕ್ಷೇತರರಾಗಿ ಬಂದರು. ಇವರು ಹಿಂದೆ ರಿಪಬ್ಲಿಕನ್ ಆಗಿದ್ದವರು, 2016ರಲ್ಲಿ ಟ್ರಂಪ್ ವಿರುದ್ಧ ಅಧ್ಯಕ್ಷ ಸ್ಥಾನಕ್ಕೆ ನಿಂತು ಯೂಟಾದಲ್ಲಿ ಶೇ. 21ಕ್ಕೂ ಹೆಚ್ಚು ಮತ ತೆಗೆದುಕೊಂಡವರು. ಏಪ್ರಿಲಿನಲ್ಲಿ ಡೆಮಾಕ್ರಟಿಕ್ ಪಕ್ಷದ ರಾಜ್ಯ ಸಮ್ಮೇಳನ ಸೇರಿತು. ಪಕ್ಷದ ಟಿಕೆಟ್ ಕೇಳಿಕೊಂಡು ಕೇಲ್ ವೆಸ್ಟನ್ ಬಂದಿದ್ದರು. ನಮ್ಮವರನ್ನೇ ನಿಲ್ಲಿಸಿ ಸೋಲುವುದೋ, ಯಾರನ್ನೂ ನಿಲ್ಲಿಸದೆ ಮೆಕ್‌ಮಲಿನ್ ಹಿಂದೆ ನಿಲ್ಲುವುದೋ? ಪ್ರತಿನಿಧಿಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಎರಡನೆಯದಕ್ಕೆ ಕೈ ಎತ್ತಿದರು. ನವೆಂಬರಿನಲ್ಲಿ ಮತಪತ್ರ ತೆರೆದರೆ ಸೆನೆಟ್ ಸ್ಥಾನದ ಎದುರು ಡೆಮಾಕ್ರಾಟ್ ಎನ್ನುವ ಹೆಸರೇ ಇರಲಿಲ್ಲ.

ಫಲಿತಾಂಶ? ಲೀ ಶೇ. 53, ಮೆಕ್‌ಮಲಿನ್ ಶೇ. 43ರ ಹತ್ತಿರ. ಪಕ್ಷದ ಸ್ವಂತ ಅಭ್ಯರ್ಥಿ ಇಷ್ಟು ಹತ್ತಿರ ಬಂದು ದಶಕಗಳಾಗಿದ್ದವು, ನಿಜ. ಆದರೆ ಸೋಲು ಸೋಲೇ. ಚಿಹ್ನೆ ಇಲ್ಲದ ಚುನಾವಣೆಯಲ್ಲಿ ಕಾರ್ಯಕರ್ತರು ಯಾರ ಕರಪತ್ರ ಹಂಚಬೇಕು ಎನ್ನುವ ಪ್ರಶ್ನೆಯೂ ಉಳಿಯಿತು. 2024ರಲ್ಲಿ ನೆಬ್ರಾಸ್ಕಾದ ಡೆಮಾಕ್ರಾಟರೂ ಸೆನೆಟ್ಟಿಗೆ ಯಾರನ್ನೂ ನಿಲ್ಲಿಸಲಿಲ್ಲ. ಪಕ್ಷೇತರ ಡ್ಯಾನ್ ಓಸ್ಬಾರ್ನ್ ಅಲ್ಲಿ ಇನ್ನೂ ಹತ್ತಿರ ಬಂದು ಸೋತರು.

ಗೆದ್ದವರ ಕತೆಯೂ ಸಲೀಸಲ್ಲ. ಗವರ್ನರ್ ಮ್ಯಾಥೆಸನ್ ಅವರ ಮಗ ಜಿಮ್ ಮ್ಯಾಥೆಸನ್ 2001ರಿಂದ ಹದಿನಾಲ್ಕು ವರ್ಷ ಸಂಸತ್ತಿನಲ್ಲಿದ್ದರು. 2010ರಲ್ಲಿ ಒಬಾಮಾ ಅವರ ಆರೋಗ್ಯ ವಿಮೆ ಕಾಯ್ದೆಗೆ ಅವರು ವಿರುದ್ಧ ಮತ ಹಾಕಿದರು. ಊರಿನಲ್ಲಿ ಉಳಿಯಬೇಕಾದರೆ ಅದು ಬೇಕಿತ್ತೇನೋ. ಆದರೆ ಪಕ್ಷದವರಿಗೆ ಸಿಟ್ಟು ಬಂತು. ಕ್ಲಾಡಿಯಾ ರೈಟ್ ಎನ್ನುವವರು ಅವರ ಎದುರು ಟಿಕೆಟ್ಟಿಗೆ ನಿಂತು ಪ್ರೈಮರಿಗೆ ಎಳೆದರು. ಮ್ಯಾಥೆಸನ್ ದಾಟಿಕೊಂಡರು. 2012ರಲ್ಲಿ ಗೆದ್ದಾಗ ಅಂತರ ಬರೀ 768 ಮತ. ಮುಂದಿನ ಸಲ ಅವರು ನಿಲ್ಲಲೇ ಇಲ್ಲ. 2018ರಲ್ಲಿ ಬೆನ್ ಮೆಕ್‌ಆಡಮ್ಸ್ 694 ಮತಗಳಿಂದ ಆ ಸ್ಥಾನ ವಾಪಸ್ ತಂದರು. ಸ್ಪೀಕರ್ ಆಯ್ಕೆಯಲ್ಲಿ ತಮ್ಮದೇ ಪಕ್ಷದ ನ್ಯಾನ್ಸಿ ಪೆಲೋಸಿಗೆ ಮತ ಕೊಡಲಿಲ್ಲ. ಟ್ರಂಪ್ ಮೇಲಿನ ಮಹಾಭಿಯೋಗಕ್ಕೆ ಮಾತ್ರ ಹೌದು ಎಂದರು. 2020ರಲ್ಲಿ ಶೇ. 1ರಷ್ಟು ಅಂತರದಲ್ಲಿ ಸೋತರು.

ಒಬ್ಬ ರೆಡ್ ಸ್ಟೇಟ್ ಡೆಮಾಕ್ರಾಟ್ ಇಡೀ ಪ್ರಚಾರದಲ್ಲಿ ಮಾಡುವುದು ಇದನ್ನೇ: ವಾಷಿಂಗ್ಟನ್ನಿನಲ್ಲಿರುವ ತನ್ನ ಪಕ್ಷ ಬೇರೆ, ತಾನು ಬೇರೆ ಎಂದು ನಂಬಿಸುವುದು. ಎದುರಾಳಿಯ ಜಾಹೀರಾತಿಗೆ ಖರ್ಚೇ ಇಲ್ಲ. ಪೆಲೋಸಿ ಫೋಟೋ ಪಕ್ಕ ಇವರ ಫೋಟೋ ಅಂಟಿಸಿದರೆ ಸಾಕು.

ಹಣ ಇಲ್ಲವೇ ಎಂದರೆ, ಕೆಲವೊಮ್ಮೆ ಬೇಕಾದಷ್ಟು ಬರುತ್ತದೆ, ಬೇಡದ ಕಡೆ. 2020ರಲ್ಲಿ ಸೌತ್ ಕ್ಯಾರೊಲೈನಾದ ಜೇಮಿ ಹ್ಯಾರಿಸನ್ ಸೆನೆಟ್ ಚುನಾವಣೆಗೆ 13 ಕೋಟಿ ಡಾಲರಿಗೂ ಹೆಚ್ಚು ದೇಣಿಗೆ ಎತ್ತಿ, ಲಿಂಡ್ಸೇ ಗ್ರಹಾಂ ಎದುರು ಶೇ. 10ರ ಅಂತರದಲ್ಲಿ ಸೋತರು. ದೇಶದ ಮೂಲೆ ಮೂಲೆಯಿಂದ ಹಣ ಕಳಿಸುವವರಿಗೆ ಟೀವಿಯಲ್ಲಿ ಕಾಣುವ ಎದುರಾಳಿ ಮುಖ್ಯ. ಹಳ್ಳಿಗಾಡಿನ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಶಾಲಾ ಮಂಡಳಿಗೆ ನಿಲ್ಲುವವರ ಹೆಸರು ಯಾರಿಗೂ ಗೊತ್ತಿಲ್ಲ. ಎಷ್ಟೋ ಕಡೆ ನಿಲ್ಲುವವರೇ ಸಿಗದೆ ರಿಪಬ್ಲಿಕನ್ನರು ಅವಿರೋಧವಾಗಿ ಆಯ್ಕೆಯಾಗುತ್ತಾರೆ.

ಕ್ಷೇತ್ರಗಳ ಗಡಿ ಗೀಚುವ ಆಟ ಇನ್ನೊಂದು. ರಾಜ್ಯದ ಮೂರನೇ ಒಂದಕ್ಕಿಂತ ಹೆಚ್ಚು ಜನ ಇರುವುದು ಸಾಲ್ಟ್ ಲೇಕ್ ಕೌಂಟಿಯಲ್ಲಿ. ಡೆಮಾಕ್ರಾಟರ ಬಲವೂ ಅಲ್ಲೇ. 2021ರಲ್ಲಿ ಶಾಸಕಾಂಗ ಆ ಕೌಂಟಿಯನ್ನು ಪಿಜ್ಜಾ ಕೊಯ್ದ ಹಾಗೆ ನಾಲ್ಕು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಹಳ್ಳಿಗಾಡಿಗೆ ಸೇರಿಸಿತು. ಮಿಲ್‌ಕ್ರೀಕ್ ಎನ್ನುವ ಒಂದೇ ಊರು ನಾಲ್ಕೂ ಸಂಸತ್ ಕ್ಷೇತ್ರಗಳಿಗೆ ಹಂಚಿಹೋಯಿತು. ವಿಚಿತ್ರ ಏನೆಂದರೆ, ಗಡಿ ಗುರುತಿಸಲು ಸ್ವತಂತ್ರ ಆಯೋಗ ಬೇಕೆಂದು 2018ರಲ್ಲಿ ಯೂಟಾದ ಜನರೇ ಮತ ಹಾಕಿ ಕಾನೂನು ಮಾಡಿದ್ದರು. ಶಾಸಕಾಂಗ 2020ರಲ್ಲಿ ಅದರ ಹಲ್ಲು ಕಿತ್ತಿತ್ತು. ಜನ ಕೋರ್ಟಿಗೆ ಹೋದರು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್, ಆಡಳಿತ ಸುಧಾರಣೆಗೆ ಜನ ತಾವೇ ಮಾಡಿದ ಕಾನೂನನ್ನು ಶಾಸಕಾಂಗ ಹಾಗೆಲ್ಲ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂದಿತು. 2025ರ ಆಗಸ್ಟಿನಲ್ಲಿ ಹಳೆ ನಕ್ಷೆ ಬಿದ್ದುಹೋಯಿತು. ನವೆಂಬರಿನಲ್ಲಿ ನ್ಯಾಯಾಧೀಶೆ ಡಯಾನಾ ಗಿಬ್ಸನ್ ಹೊಸ ನಕ್ಷೆ ಆರಿಸಿದರು. ಅದರಲ್ಲಿ ಸಾಲ್ಟ್ ಲೇಕ್ ಸುತ್ತ ಒಂದು ಕ್ಷೇತ್ರ ಗಟ್ಟಿಯಾಗಿ ಡೆಮಾಕ್ರಾಟರ ಕಡೆ ವಾಲುತ್ತದೆ. ರಿಪಬ್ಲಿಕನ್ ಶಾಸಕರು ಇದನ್ನು ಒಪ್ಪಲಿಲ್ಲ.

ತೀರ್ಪು ಬಂದ ಕೆಲವೇ ದಿನಗಳಲ್ಲಿ ಮೆಕ್‌ಆಡಮ್ಸ್ ಆ ಕ್ಷೇತ್ರಕ್ಕೆ ನಿಲ್ಲುವುದಾಗಿ ಹೇಳಿದರು. ಪಕ್ಷದೊಳಗೆ ಬೇರೆಯವರೂ ಸಾಲುಗಟ್ಟಿದರು. ಇಷ್ಟು ವರ್ಷ ಟಿಕೆಟ್ ತಗೊಳ್ಳಿ ಎಂದು ಜನರನ್ನು ಹುಡುಕುತ್ತಿದ್ದ ಪಕ್ಷದಲ್ಲಿ ಟಿಕೆಟ್ಟಿಗೆ ಪೈಪೋಟಿ ಶುರುವಾಯಿತು. ಪೆಲೋಸಿಗೆ ಮತ ಕೊಡದ ಮೆಕ್‌ಆಡಮ್ಸ್ ಅವರ ಮೇಲೆ ಎಡಪಂಥೀಯರ ಆಕ್ಷೇಪ ಒಂದೇ: ಇಂಥ ಕ್ಷೇತ್ರಕ್ಕೆ ಇವರು ಸಾಲುವಷ್ಟು ಡೆಮಾಕ್ರಾಟ್ ಅಲ್ಲ.