ಹಾಲು ಕಕ್ಕುವ ಮಗುವಿಗೆ ಆಪರೇಷನ್ ಯಾವಾಗ?

ಕುಡಿದ ಹಾಲನ್ನು ಮೊಸರಿನಂತೆ ಕಕ್ಕಿ, ಮರುಕ್ಷಣವೇ ಕೈಕಾಲು ಆಡಿಸುತ್ತ ನಗುವ, ತೂಕವೂ ಏರುತ್ತಿರುವ ಕೂಸಿಗೆ ಔಷಧಿಯೇ ಬೇಡ, ಆಪರೇಷನ್ ಮಾತಂತೂ ದೂರ. ನಾಲ್ಕನೇ ತಿಂಗಳ ಹೊತ್ತಿಗೆ ಜಾಸ್ತಿಯಾಗುವ ಇದು ಒಂದು, ಒಂದೂವರೆ ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿ ನಿಲ್ಲುತ್ತದೆ. ಹೊಟ್ಟೆಯಲ್ಲಿದ್ದದ್ದು ಹೀಗೆ ಅನ್ನನಾಳಕ್ಕೆ ವಾಪಸ್ ಬರುವುದೇ ರಿಫ್ಲಕ್ಸ್. ಆದರೆ ವಾಂತಿ ಹಸಿರಾಗಿದ್ದರೆ ಇದೂ ರಿಫ್ಲಕ್ಸ್ ಅಂದುಕೊಂಡು ಬೆಳಗಿನವರೆಗೆ ಕಾಯಬೇಡಿ. ಕರುಳು ತಿರುಚಿಕೊಂಡಿರಬಹುದು.

ಸರ್ಜರಿಯ ಯೋಚನೆ ಬರುವುದು ಔಷಧಿ ಸರಿಯಾಗಿ ಕೊಟ್ಟ ಮೇಲೂ ತೂಕ ಏರದಿದ್ದಾಗ, ಹೊಟ್ಟೆಯದ್ದು ಶ್ವಾಸಕೋಶಕ್ಕೆ ಹೋಗಿ ಪದೇ ಪದೇ ನ್ಯುಮೋನಿಯಾ ಆದಾಗ, ಇಲ್ಲವೇ ಜಠರದ ಭಾಗ ಎದೆಗೂಡಿಗೆ ಜಾರಿದ್ದಾಗ. ಅದಕ್ಕೂ ಮೊದಲು ಎರಡರಿಂದ ನಾಲ್ಕು ವಾರ ಹಸುವಿನ ಹಾಲನ್ನು ಪೂರ್ತಿ ಬಿಡಿಸಿ ನೋಡಬೇಕು; ಹಾಲಿನ ಅಲರ್ಜಿಯೂ ಥೇಟ್ ಹೀಗೆಯೇ ಕಾಣುತ್ತದೆ. ಬೇರಿಯಂ ಎಕ್ಸ್‌ರೇ ಮಾಡಿಸುವುದು ರಿಫ್ಲಕ್ಸ್ ಹಿಡಿಯಲು ಅಲ್ಲ, ಕರುಳಿನ ಜೋಡಣೆ ಸರಿಯಿದೆಯೇ ಎಂದು ತಿಳಿಯಲು. ರಿಫ್ಲಕ್ಸ್ ಅಳೆಯುವುದು ಮೂಗಿನಿಂದ ಸಣ್ಣ ವೈರ್ ಇಳಿಸಿ 24 ಗಂಟೆ ಮಾಡುವ ಪಿಎಚ್ (ಆಮ್ಲದ ಪ್ರಮಾಣದ) ಪರೀಕ್ಷೆ. ಹಾಸನ, ಚಿಕ್ಕಮಗಳೂರಿನವರು ಇದಕ್ಕೆ ಬೆಂಗಳೂರು ಅಥವಾ ಮಂಗಳೂರಿಗೆ ಹೋಗಬೇಕಾಗುವುದುಂಟು.

ಆಪರೇಷನ್ ಹೆಸರು ಫಂಡೊಪ್ಲಿಕೇಶನ್. ರುಡಾಲ್ಫ್ ನಿಸೆನ್ 1956ರಲ್ಲಿ ಪ್ರಕಟಿಸಿದ ವಿಧಾನವನ್ನು ಈಗ ಹೆಚ್ಚಾಗಿ ಲ್ಯಾಪರೊಸ್ಕೋಪಿಯಲ್ಲಿ, 3ರಿಂದ 5 ಮಿಲಿಮೀಟರ್ ತೂತುಗಳ ಮೂಲಕ ಮಾಡುತ್ತಾರೆ. ಯಕೃತ್ತನ್ನು ಮೇಲೆತ್ತಿ ಹಿಡಿದು, ಅನ್ನನಾಳದ ಹಿಂದೆ ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಅಗಲವಾದ ಕಿಂಡಿಯನ್ನು ಹೊಲಿಗೆ ಹಾಕಿ ಕಿರಿದು ಮಾಡುತ್ತಾರೆ. ನಂತರ ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಶಾಲಿನಂತೆ ಸುತ್ತಿ, ಕರಗದ ದಾರದಲ್ಲಿ ಎರಡು ಮೂರು ಹೊಲಿಗೆ. ಒಳಗೆ ಅಳತೆಯ ಟ್ಯೂಬ್ ಇಟ್ಟುಕೊಂಡೇ ಇದನ್ನು ಸುತ್ತುವುದು, ಇಲ್ಲದಿದ್ದರೆ ಬಿಗಿಯಾಗಿ ನುಂಗಲು ಕಷ್ಟವಾಗುತ್ತದೆ. ಸುತ್ತು ಸಡಿಲವಾಗಿಯೂ, ಸುಮಾರು 2 ಸೆಂಟಿಮೀಟರಿಗಿಂತ ಉದ್ದವಾಗದಂತೆಯೂ ಇರಬೇಕು. ಅನ್ನನಾಳವನ್ನು ಸುತ್ತ ಅಂಟಿಕೊಂಡಿರುವ ಪೊರೆಗಳಿಂದ ಅಗತ್ಯಕ್ಕಿಂತ ಜಾಸ್ತಿ ಬಿಡಿಸಿದರೆ ಮುಂದೆ ಆ ಸುತ್ತೇ ಎದೆಗೆ ಜಾರುವ ಸಾಧ್ಯತೆ ಹೆಚ್ಚು.

ಮನೆಗೆ ಬಂದ ಮೇಲೆ ಎಡವುವುದು ಊಟದಲ್ಲಿ. ಒಳಗಿನ ಊತ ಇಳಿಯುವವರೆಗೆ, ಎರಡು ಮೂರು ವಾರ, ಗಂಜಿ, ತೆಳು ರಾಗಿ ಅಂಬಲಿ, ಮಿದುವಾಗಿ ಕಲಸಿದ ಅನ್ನ ಸಾಕು. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದೇ ಅಭ್ಯಾಸ. ಆ ತುತ್ತು ಸುತ್ತಿನ ಬಳಿ ಬಂದು ನಿಂತರೆ ಮಗು ಜೊಲ್ಲು ಸುರಿಸುತ್ತ ಒದ್ದಾಡುತ್ತದೆ. ಒಣ ಅಕ್ಕಿರೊಟ್ಟಿ, ಹಲಸಿನ ತೊಳೆಯೂ ಬೇಡ. ಊಟವಾದ ಅರ್ಧ, ಒಂದು ಗಂಟೆಯಲ್ಲಿ ಬೆವರಿ ಬಿಳಚಿಕೊಂಡರೆ ಜಠರ ಬೇಗ ಖಾಲಿಯಾಗುತ್ತಿದೆ ಎಂಬ ಅನುಮಾನ ಪಡಬೇಕು. ಸಿಹಿ ಪಾನೀಯ ನಿಲ್ಲಿಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಟ್ಟು ವೈದ್ಯರಿಗೆ ತಿಳಿಸಿ.

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವ ಸ್ಥಿತಿ) ಇರುವ ಮಕ್ಕಳ ಹೆತ್ತವರಿಗೆ ಮೊದಲೇ ಹೇಳಬೇಕಾದ್ದು: ಈ ಆಪರೇಷನ್ ಓಕರಿಕೆಯನ್ನು ನಿಲ್ಲಿಸುವುದಿಲ್ಲ. ಅದರ ಮೂಲ ಮೆದುಳಿನಲ್ಲಿದೆ. ಒಂದೇ ಸಮನೆ ಓಕರಿಸುವ ಒತ್ತಡಕ್ಕೆ ಹೊಲಿಗೆ ಸಡಿಲವಾಗುತ್ತದೆ, ಹಾಗಾಗಿ ಇವರಲ್ಲೇ ರಿಫ್ಲಕ್ಸ್ ಮರುಕಳಿಸುವುದು ಹೆಚ್ಚು.

ಸುತ್ತು ಹಾಕಿಸಿಕೊಂಡ ಮಗುವಿಗೆ ತೇಗು, ವಾಂತಿ ಎರಡೂ ಸುಲಭವಲ್ಲ. ಹೊಟ್ಟೆ ಕಲ್ಲಿನಂತೆ ಉಬ್ಬಿ ಬರೀ ಓಕರಿಸುತ್ತಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ಆಸ್ಪತ್ರೆಗೆ ಹೋಗಿ. ಹೊಟ್ಟೆಯ ಮೇಲಿಂದ ಜಠರಕ್ಕೆ ಆಹಾರ ಕೊಡಲು ಟ್ಯೂಬ್ ಹಾಕಿದ್ದರೆ ಆ ಟ್ಯೂಬಿನ ಬಾಯಿ ತೆರೆದು ಒಳಗಿನ ಗಾಳಿಯನ್ನು ಹೊರಬಿಡಿ. ಆಪರೇಷನ್ನಾದ ಮೊದಲ ವಾರಗಳಲ್ಲಿ ಆ ಟ್ಯೂಬ್ ಕಳಚಿದರೆ ಮನೆಯಲ್ಲಿ ತೂರಿಸಬೇಡಿ. ತೂತು ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗುತ್ತದೆ, ಟ್ಯೂಬ್ ಸಮೇತ ಹೊರಡಿ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆಯ ತೋಟಗಳಿಂದ ರಾತ್ರಿ ದೂರ ಹೋಗುವುದು ಕಷ್ಟ. ಡಿಸ್ಚಾರ್ಜ್ ದಿನವೇ ಸುತ್ತಿನ ವಿಧ, ಟ್ಯೂಬಿನ ಅಳತೆ, ಸರ್ಜನ್ ಫೋನ್ ನಂಬರ್ ಬರೆಸಿಕೊಂಡು ಒಂದು ಪ್ರತಿಯನ್ನು ತಾಲ್ಲೂಕು ಆಸ್ಪತ್ರೆಗೆ ಕೊಟ್ಟಿಡಿ.